ಕಣದ ಲೆಕ್ಕವೂ ಮುಂದಿನ ಬಿತ್ತನೆಯೂ

ರಾಗಿಯು ಕೊಯ್ಲಿಗೆ ಬಂದ ಕಾಲದಲ್ಲಿ ಕ್ಯಾಸಂಬಳ್ಳಿಯ ಸುತ್ತಲಿನ ಊರುಗಳಲ್ಲಿ, ಈ ವರುಷ ಬೆಳೆ ಹೇಗೆ ಎಂದು ನಾವು ಕೇಳಿದರೆ, ಮಳೆ ಕೈಕೊಟ್ಟಿತು ಎಂಬ ಒಂದೇ ಉತ್ತರವು ಬರುವದು. ವರುಷವೆಲ್ಲಾ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಅದು ಅನೇಕಾವರ್ತಿ ನಿಜವೇ. 2018ರಿಂದ ಕೋರಮಂಗಲ-ಚಲ್ಲಘಟ್ಟ ಯೋಜನೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಬಂದಿದ್ದರೂ, ಬೆದ್ದಲು ಹೊಲಕ್ಕೆ ಆಕಾಶವೇ ಆಧಾರ. ಆದರೆ ಪ್ರಿಯ ವಾಚಕರೇ, ಒಂದೇ ಮಳೆ ಬಿದ್ದ ಎರಡು ಹೊಲಗಳಲ್ಲಿ ಒಂದು ತುಂಬಿ ಇನ್ನೊಂದು ಜೊಳ್ಳಾದರೆ, ಅದನ್ನು ಮೋಡದ ಮೇಲೆ ಹೊರಿಸಬಹುದೋ?

ಕುಡುಗೋಲು ಹಾಕುವ ಮುಂಚೆ ತೆನೆಯ ಕತ್ತನ್ನು ನೋಡಿರಿ. ಅಲ್ಲಿ ಕಪ್ಪಾಗಿ ಮುರಿದು ಕಾಳು ಸುಕ್ಕಿದ್ದರೆ ಅದು ಬರವಲ್ಲ, ಬೆಂಕಿರೋಗ. ಒಂದು ವಿಧವಾದ ಬೂಷ್ಟಿನಿಂದ ಉಂಟಾಗುವ ಈ ರೋಗವು ತೆನೆ ಬರುವಾಗ ಮೋಡ ಕವಿದು ತೇವ ನಿಂತರೆ ಹಬ್ಬುವದು. ಯೂರಿಯಾ ಅತಿಯಾದರೆ ಇನ್ನೂ ಬಲಿಯುವದು. ಅಂಥ ಹೊಲದ ಕಾಳನ್ನು ಬಿತ್ತನೆಗೆ ಇಡಲೇಬಾರದು. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಒಳ್ಳೆಯ ರಾಗಿಯನ್ನು ಅಳೆದುಕೊಟ್ಟು ಉಳಿದ ಸೊರಗಿದ ಕಾಳನ್ನೇ ಬೀಜಕ್ಕೆಂದು ಕಟ್ಟಿಡುವ ಮನೆಗಳನ್ನು ನಾವು ಕಂಡಿದ್ದೇವೆ. ಮುಂದಿನ ವರುಷದ ಸಾಲವೂ ಆ ದಿನವೇ ಮಾಡಿದಂತಾಯಿತು! ಕೂರಿಗೆಯಿಂದ ಬಿತ್ತಲು ಎಕರೆಗೆ 4-5 ಕಿಲೋ ಸಾಕು. ಅಷ್ಟನ್ನು ಲಕ್ಷಣವಾದ ತೆನೆಗಳಿಂದ ಮೊದಲೇ ಆರಿಸಿ ಒಣಗಿಸಿ ಬೇರೆ ಇಡತಕ್ಕದ್ದು.

ಇಳುವರಿಯನ್ನು ಕಣ್ಣಂದಾಜಿನಿಂದ ಹೇಳುವದು ನಮ್ಮಲ್ಲಿ ರೂಢಿ. ಬಂಡಿಗಳನ್ನು ಎಣಿಸುವದು ಹುಲ್ಲಿನ ಲೆಕ್ಕವೇ ಹೊರತು ಕಾಳಿನದಲ್ಲ. ಹೊಲದ ನಾಲ್ಕೈದು ಕಡೆಗಳಲ್ಲಿ, ಚೆನ್ನಾದ ಕಡೆಯಲ್ಲಿಯೂ ಸೊರಗಿದ ಕಡೆಯಲ್ಲಿಯೂ, ಒಂದು ಮೀಟರು ಚೌಕವನ್ನು ಅಳೆದು ಕೊಯ್ದು, ಬಡಿದು, ಒಣಗಿಸಿ ತೂಗಿರಿ. ಚೌಕಕ್ಕೆ ಸರಾಸರಿ 250 ಗ್ರಾಂ ಬಂದರೆ ಎಕರೆಗೆ ಹೆಚ್ಚುಕಡಿಮೆ 10 ಕ್ವಿಂಟಾಲು. 100 ಗ್ರಾಂ ಆದರೆ ನಾಲ್ಕೇ. ಯಾವ ಮೂಲೆಯು ಸೊರಗಿತೋ ಅಲ್ಲಿಗೇ ತಿಪ್ಪೆಯ ಗೊಬ್ಬರದ ಮೊದಲ ಬಂಡಿ ಹೋಗಲಿ.

ತಳಿಯ ವಿಷಯದಲ್ಲಿ ಹಟ ಬೇಡ. ಜುಲೈಯಲ್ಲಿ ಹದ ಸಿಕ್ಕಿದರೆ, ಬೆಂಕಿರೋಗವನ್ನು ತಡೆಯುವ ಜಿ.ಪಿ.ಯು.-28 ತಕ್ಕದ್ದು; ಅದು 110-115 ದಿನಗಳಲ್ಲಿ ಮಾಗುವದು. ಆಗಸ್ಟ್ ಅರ್ಧ ಕಳೆದರೆ ಸುಮಾರು 100 ದಿನಗಳ ಜಿ.ಪಿ.ಯು.-45 ಹಾಕಬೇಕು, ಇನ್ನೂ ತಡವಾದರೆ ಹುರುಳಿಯೇ ಗತಿ. ಅಕ್ಕಡಿ ಸಾಲನ್ನು ಬಿಟ್ಟವರು ಮತ್ತೆ ಹಿಡಿಯಲಿ: 8 ಸಾಲು ರಾಗಿಗೆ 2 ಸಾಲು ತೊಗರಿ. ರಾಗಿ ಕೆಟ್ಟ ವರುಷದಲ್ಲಿಯೂ, ಆಳವಾಗಿ ಬೇರುಬಿಟ್ಟ ತೊಗರಿಯು ಹಿಂಗಾರಿನ ತೇವದಲ್ಲಿ ನಿಂತು ಮನೆಯ ಸಾರಿಗಾದರೂ ಆಗುವದು.

ಬಿತ್ತಿದ ದಿನ, ಮಳೆ ಬಂದ ದಿನ, ತೂಗಿದ ಗ್ರಾಂ, ಇಷ್ಟನ್ನು ಬರೆದಿಡಿರಿ. ಅಕ್ಷರ ಬಾರದ ತಂದೆಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ.