‘ಪುಟ್ ಆಫ್’ ಕೈವಶವಾಗಲು ಏಳು ಸೂತ್ರಗಳು

ಕಾಸರಗೋಡಿನ ಪುತ್ತಿಗೆ, ಸೀತಾಂಗೋಳಿ, ಅಂಗಡಿಮೊಗರು ಕಡೆಯ ಕನ್ನಡ ಮಾಧ್ಯಮದ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಕಾಡುವುದು ಫ್ರೇಸಲ್ ವರ್ಬ್. ಬಿಡಿ ಪದಗಳೆಲ್ಲ ಗೊತ್ತು, ಜೋಡಿಯಾದಾಗ ಅರ್ಥವೇ ಬೇರೆ. ಉದ್ದದ ಪಟ್ಟಿ ಉರುಹೊಡೆಯುವ ಬದಲು ‘ಪುಟ್ ಆಫ್’ ಒಂದನ್ನೇ ಹಿಡಿದು ಪೂರ್ತಿ ಕಲಿಯಿರಿ.

1. ಜೋಡಿಯನ್ನು ಬಿಡಿಸಬೇಡಿ. ‘ಪುಟ್ ಆಫ್’ ಎಂದರೆ ಮುಂದೂಡು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಅರ್ಧಕ್ಕೆ ನಿಂತ ಕೇರಳದ ಎಸ್ಸೆಸ್ಸೆಲ್ಸಿಯ ಉಳಿದ ಪರೀಕ್ಷೆಗಳು ಮೇ 26ರಿಂದ ನಡೆದವು. ಅವು ‘ಪುಟ್ ಆಫ್’ ಆದ ಪರೀಕ್ಷೆಗಳು.

2. ಕನ್ನಡದಿಂದ ನೇರ ಇಳಿಸಬೇಡಿ. ನಾವು ‘ಪರೀಕ್ಷೆ ಮುಂದಕ್ಕೆ ಹಾಕಿದರು’ ಅನ್ನುತ್ತೇವೆ. ಅದನ್ನೇ ‘ಪುಟ್ ಫಾರ್ವರ್ಡ್’ ಎಂದು ಬರೆದರೆ ಸಲಹೆ ಮಂಡಿಸಿದ ಅರ್ಥ ಬರುತ್ತದೆ. ಪೇಟೆಯಲ್ಲಿ ಕಿವಿಗೆ ಬೀಳುವ ಮಲಯಾಳದ ‘ಮಾಟ್ಟಿವೆಚ್ಚು’ ಇಂಗ್ಲಿಷಿಗೆ ಹತ್ತಿರ. ಅಲ್ಲೂ ಆಚೆ ಸರಿಸಿ ಇಡುವುದೇ.

3. ‘ಕಾಲ್ ಆಫ್’ ಬೇರೆ, ಅದು ರದ್ದು. 2021ರ ಏಪ್ರಿಲ್ 14ರಂದು ಸಿಬಿಎಸ್‌ಇಯ ಹತ್ತನೇ ತರಗತಿಯ ಪರೀಕ್ಷೆ ರದ್ದಾಯಿತು, ಹನ್ನೆರಡನೆಯದನ್ನು ಮುಂದೂಡಿದರು. ಮೊದಲನೆಯದು ‘ಕಾಲ್ಡ್ ಆಫ್’, ಎರಡನೆಯದು ‘ಪುಟ್ ಆಫ್’. ಜೂನ್ 1ರಂದು ಹನ್ನೆರಡನೆಯದೂ ‘ಕಾಲ್ಡ್ ಆಫ್’ ಆಯಿತು.

4. ಸರ್ವನಾಮಕ್ಕೆ ನಡುವೆ ಜಾಗ ಕೊಡಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ‘ಇಟ್’ ಬಂದರೆ ಮಾತ್ರ ‘ಪುಟ್ ಇಟ್ ಆಫ್’ ಒಂದೇ ದಾರಿ.

5. ರೂಪ ನೋಡಿಕೊಳ್ಳಿ. ಭೂತಕಾಲದಲ್ಲೂ ಅದು ‘ಪುಟ್’, ‘ಪುಟ್ಟೆಡ್’ ಇಲ್ಲ. ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ‘ಇಂಗ್’ ಸೇರಿಸಿ: ‘ಪುಟ್ ಆಫ್ ಗೋಯಿಂಗ್’. ‘ಟು ಗೋ’ ತಪ್ಪು.

6. ಇನ್ನೊಂದು ಅರ್ಥವೂ ಇದೆ. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ವಾಸನೆಗೇ ನನಗೆ ಬೇಡ ಅನಿಸಿತು. ಮನುಷ್ಯರ ಹೆಸರೋ ‘ಮಿ’, ‘ಹಿಮ್’ ಮುಂತಾದವೋ ನಡುವೆ ಕಂಡರೆ ಈ ಅರ್ಥವನ್ನೂ ಯೋಚಿಸಿ.

7. ಊರಿನದೇ ವಾಕ್ಯ ಕಟ್ಟಿ. ‘ದ ಬಯಲಾಟ ವಾಸ್ ಪುಟ್ ಆಫ್ ಟಿಲ್ ಸಂಡೇ ಬಿಕಾಸ್ ಆಫ್ ದ ರೈನ್’ ಎಂದು ಬರೆದು, ಜೋರಾಗಿ ಓದಿ. ‘ಟಿಲ್ ಸಂಡೇ’ ಎಂಬ ಹೊಸ ದಿನ ಗಮನಿಸಿ. ಪರೀಕ್ಷೆಯ ಖಾಲಿ ಜಾಗದ ಹತ್ತಿರ ಅಂಥದೊಂದು ದಿನ ಕಂಡರೆ ‘ಪುಟ್ ಆಫ್’ ತುಂಬಿ. ಇನ್ನು ನಡೆಯುವುದೇ ಇಲ್ಲ ಎಂಬ ಸುಳಿವಿದ್ದರೆ ‘ಕಾಲ್ ಆಫ್’.