ತೂಕ ಗೊತ್ತು, ಮನಸ್ಸು ಗೊತ್ತೇ?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸಂಘಗಳಲ್ಲಿ ನಾವು ಉಳಿತಾಯದ ಲೆಕ್ಕ ತಪ್ಪದೆ ಬರೆಯುತ್ತೇವೆ. ನಮ್ಮ ಮಕ್ಕಳ ಬೆಳವಣಿಗೆಯ ಲೆಕ್ಕ?

ಚಿಕ್ಕ ಮಕ್ಕಳಿಗೆ ಅಂಗನವಾಡಿ ಇದೆ. ತಾಯಿ ಕಾರ್ಡಿನಲ್ಲಿ ತೂಕದ ಚುಕ್ಕೆ ಹಸಿರಿನಲ್ಲಿದ್ದರೆ ಸರಿ, ಹಳದಿಗೆ ಬಂದರೆ ಎಚ್ಚರ, ಕಿತ್ತಳೆಗೆ ಇಳಿದರೆ ಅಪಾಯ. 6 ತಿಂಗಳಿಂದ 5 ವರ್ಷದ ಕೂಸಿನ ಮೇಲ್ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಮಕ್ಕಳು ದೊಡ್ಡವರಾದ ಮೇಲೆ? "ಉಣ್ತಾಳ, ಸಾಲಿಗೆ ಹೋಗ್ತಾಳ, ಇನ್ನೇನ್ ಬೇಕ್ರಿ?" ಅನ್ನುತ್ತೇವೆ. ತಾಯಿತಂದೆ ಕಬ್ಬು ಕಡಿಯಲು ಊರು ಬಿಟ್ಟಾಗ, ಓದುವ ಹುಡುಗಿ ಬೀಡಿ ಕಟ್ಟಲು ಕುಳಿತಾಗ ತೂಕ ಇಳಿಯದೇ ಇರಬಹುದು. ಆದರೆ ಅವಳ ಮಾತು, ನಗು ಕಡಿಮೆಯಾಗುತ್ತದೆ. ಅದನ್ನು ಯಾರೂ ಗಮನಿಸದಿದ್ದರೆ ಸಾಲಿ ಬಿಡುತ್ತಾಳೆ. 18 ತುಂಬುವ ಮೊದಲೇ ಮದುವೆ ಮಾತು ಬರುತ್ತದೆ.

ಅಮೆರಿಕದ ಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 1990ರ ದಶಕದಲ್ಲಿ ಮಕ್ಕಳ ಕೊರತೆಯ ಬದಲು ಅವರಲ್ಲಿರುವ ಬಲವನ್ನು ಎಣಿಸಲು 40 'ಆಸ್ತಿ'ಗಳ ಪಟ್ಟಿ ಮಾಡಿತು. 20 ಸುತ್ತಲಿನವರು ಕೊಡುವಂಥವು, 20 ಮಗುವಿನೊಳಗೇ ಬೆಳೆಯುವಂಥವು. ಅದರಲ್ಲಿ ಒಂದು: ತಾಯಿತಂದೆಯಲ್ಲದೆ ಇನ್ನೂ ಮೂವರು ದೊಡ್ಡವರ ಆಸರೆ.

ಆ ವಿಚಾರದಿಂದ ನಾವೊಂದು ಸರಳ ಅಭ್ಯಾಸ ಮಾಡೋಣ. ಮಗುವಿಗೆ ಐದು ಹುಣಸೆ ಬೀಜ ಕೊಡಿ. ಹೌದು ಅನಿಸಿದ ಮಾತಿಗೆ ಒಂದು ಬೀಜ ಬಟ್ಟಲಿಗೆ ಹಾಕಲಿ.

1. ಮನೆಯಲ್ಲಿ ನನ್ನ ಮಾತು ಕೇಳುತ್ತಾರೆ.
2. ಕಷ್ಟ ಹೇಳಿಕೊಳ್ಳಲು ಬೇರೆ ಮೂವರು ದೊಡ್ಡವರಿದ್ದಾರೆ.
3. ಸಾಲಿಗೆ ಹೋಗಲು ಮನಸ್ಸಾಗುತ್ತದೆ.
4. ಆಡಲು ಗೆಳೆಯ-ಗೆಳತಿಯರಿದ್ದಾರೆ, ಸಮಯವೂ ಸಿಗುತ್ತದೆ.
5. ಮುಂದೆ ನಾನು ಏನಾದರೂ ಆಗುತ್ತೇನೆಂಬ ನಂಬಿಕೆ ಇದೆ.

ಉತ್ತರ ಮಗುವಿನದೇ ಇರಲಿ, ನಾವು ಹೇಳಿಕೊಡಬಾರದು. ಬೀಜ ಕಡಿಮೆ ಬಿದ್ದರೆ ಬೈಯಬಾರದು, "ಯಾಕವ್ವಾ?" ಎಂದು ಕೇಳಿ ಸುಮ್ಮನೆ ಕುಳಿತು ಕೇಳಿಸಿಕೊಳ್ಳಬೇಕು. ಮೂರು ತಿಂಗಳ ನಂತರ ಮತ್ತೆ ಎಣಿಸಿ. ಹೋಲಿಕೆ ಅದೇ ಮಗುವಿನ ಹಿಂದಿನ ಲೆಕ್ಕದೊಂದಿಗೆ ಮಾತ್ರ, ಬಾಜೂ ಮನೆಯ ಮಗುವಿನೊಂದಿಗೆ ಬೇಡ. ಇದು ಪರೀಕ್ಷೆಯಲ್ಲ, ಮಾತಿಗೆ ದಾರಿ. ಹೊಡೆತ, ಕಿರುಕುಳ, ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ.

ಎರಡನೆಯ ಬೀಜ ಬೀಳದಿದ್ದರೆ ಅದು ಆ ತಾಯಿಯೊಬ್ಬಳ ತಪ್ಪಲ್ಲ. ಸಂಘದಲ್ಲಿ ಇಷ್ಟು ಜನ ಇದ್ದೇವಲ್ಲ!

ಸಂಘದಲ್ಲಿ ಚರ್ಚಿಸಿ: ನಮ್ಮ ಓಣಿಯ ಯಾವ ಮಗುವಿಗೆ ನಾನು ಆ ಮೂವರಲ್ಲಿ ಒಬ್ಬಳಾಗಬಲ್ಲೆ?