ಹಳೆ ಪೆಟ್ರೋಲ್ ಕಾರು ಮೈಲೇಜ್ ಕೊಡುತ್ತಿಲ್ಲವೇ? ಮಾಡಬೇಕಾದ್ದು, ಮಾಡಬಾರದ್ದು

ಮಧುರೆ, ಕನಸವಾಡಿ ಮತ್ತು ಸುತ್ತಲಿನ ಊರುಗಳಲ್ಲಿ ಹಳೆ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ಎಲ್ಲರ ಗಮನಕ್ಕೆ.

ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಅದರ ಕಟ್ಟಕಡೆಯ ಕಾರಿಗೂ ಈಗ ಹತ್ತು ವರ್ಷ ದಾಟಿದೆ. ಆದರೂ 800, ಓಮ್ನಿ, ಜೆನ್, ಸ್ಯಾಂಟ್ರೋ, ಹಳೆ ಆಲ್ಟೊ ನಮ್ಮ ಕಡೆ ದಿನಾ ದುಡಿಯುತ್ತಿವೆ. ಇವು ಪೆಟ್ರೋಲ್ ಕುಡಿಯತೊಡಗಿದರೆ ಏಟು ಬೀಳುವುದು ಮನೆ ಖರ್ಚಿಗೆ. ಆಗ ಬಹುಪಾಲು ಜನ ಮಾಡುವುದೇನು? ನೇರ ಗ್ಯಾರೇಜಿಗೆ ಹೋಗಿ ಪ್ಲಗ್ ಬದಲಿಸಿ, ಫಿಲ್ಟರ್ ಬದಲಿಸಿ, ಆಮೇಲೆ ಸೆನ್ಸರ್ ಬದಲಿಸಿ, ಮೂರು ಸಲ ದುಡ್ಡು ತೆತ್ತು, ಕಾರನ್ನು ಮೊದಲಿದ್ದ ಹಾಗೇ ಮನೆಗೆ ತರುತ್ತಾರೆ. ಮೊದಲು ಅಳೆಯಿರಿ, ಆಮೇಲೆ ಹುಡುಕಿ, ಭಾಗ ಬದಲಿಸುವುದು ಕೊನೆಗೆ. ಈ ಕ್ರಮ ತಪ್ಪಿಸಬೇಡಿ.

ಅಳೆಯುವುದು ಹೀಗೆ

ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ನಳಿಕೆ ತಾನಾಗಿ ಟಕ್ ಎಂದು ನಿಂತ ಕೂಡಲೇ ಸಾಕು ಅನ್ನಿ. ಕಿಲೋಮೀಟರ್ ಬರೆದಿಡಿ. ಕನಿಷ್ಠ ಅರ್ಧ ಟ್ಯಾಂಕ್ ಖಾಲಿಯಾಗುವವರೆಗೆ ಎಂದಿನಂತೆ ಓಡಿಸಿ. ಅದೇ ಬಂಕಿಗೆ, ಅದೇ ಪಂಪಿಗೆ ಹೋಗಿ ಮತ್ತೆ ಟಕ್ ಅನ್ನುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 300 ಕಿಲೋಮೀಟರಿಗೆ 24 ಲೀಟರ್ ಹಿಡಿದರೆ ಲೀಟರಿಗೆ 12.5. ಇದೇ ನಿಮ್ಮ ಕಾರಿನ ನಿಜವಾದ ಮೈಲೇಜ್. ಎರಡು ಮೂರು ಸಲ ಹೀಗೆ ತುಂಬಿಸಿ ಸರಾಸರಿ ನೋಡಿದರೆ ಇನ್ನೂ ಖಚಿತ.

ಐನೂರು ರೂಪಾಯಿಗೆ ಹಾಕಿಸಿ, ಮುಳ್ಳು ನೋಡಿ ಲೆಕ್ಕ ಹಾಕಬೇಡಿ. ಹಳೆ ಕಾರಿನ ಪೆಟ್ರೋಲ್ ಮುಳ್ಳು ಅಂದಾಜಷ್ಟೇ ಹೇಳುತ್ತದೆ.

ಟಕ್ ಅಂದ ಮೇಲೂ ಬಾಯಿ ತನಕ ತುಂಬಿಸಬೇಡಿ. ಲೆಕ್ಕ ಕೆಡುತ್ತದೆ. ಟ್ಯಾಂಕಿನ ಆವಿ ಹಿಡಿಯುವ ಡಬ್ಬಿ ಇರುವ ಕಾರಿನಲ್ಲಿ ಅದರೊಳಕ್ಕೆ ಪೆಟ್ರೋಲೇ ನುಗ್ಗಿ ಅದೂ ಹಾಳಾಗುತ್ತದೆ.

ಶನಿವಾರದ ಓಡಾಟವನ್ನು ಅಳತೆಗೆ ಹಿಡಿಯಬೇಡಿ, ಶ್ರಾವಣದಲ್ಲಂತೂ ಬೇಡವೇ ಬೇಡ. ಇಲ್ಲಿನ ದೇವಸ್ಥಾನಕ್ಕೆ ಶನಿಮಹಾತ್ಮನ ದರ್ಶನಕ್ಕೆಂದು ಬರುವ ಗಾಡಿಗಳ ಸಾಲಿನಲ್ಲಿ ಒಂದನೇ ಗೇರಿನಲ್ಲಿ ತೆವಳಿದರೆ ಹೊಸ ಕಾರೂ ಮೈಲೇಜ್ ಕೊಡದು. ವಾರದ ಬೇರೆ ದಿನ ದೊಡ್ಡಬಳ್ಳಾಪುರದ ಕಡೆಗೋ ನೆಲಮಂಗಲದ ಕಡೆಗೋ ಹೋಗಿ ಬರುವ ಓಟ ಅಳತೆಗೆ ಒಳ್ಳೆಯದು.

ಕಿಲೋಮೀಟರ್ ಮೀಟರನ್ನೂ ಪರೀಕ್ಷಿಸಿ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಕಾರು ಹೆಚ್ಚು ಓಡಿರುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಮೊಬೈಲಿನ ಮ್ಯಾಪಿನಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ತಾಳೆ ನೋಡಿದರೆ ಗೊತ್ತಾಗುತ್ತದೆ.

ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಜಗಳಕ್ಕೆ ನಿಲ್ಲಬೇಡಿ. ಸೀಲು ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಲೇಬೇಕು. ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಐದು ಲೀಟರಿಗೆ 25 ಮಿಲಿಲೀಟರ್ ವ್ಯತ್ಯಾಸದವರೆಗೆ ಕಾನೂನು ಒಪ್ಪುತ್ತದೆ.

ಈಗಿನ ಪೆಟ್ರೋಲಿನ ಪಾಲು ಎಷ್ಟು?

20 ಭಾಗ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಪಕ್ಕದ ತುಮಕೂರು ರಸ್ತೆಯ ಮಾದಾವರದಲ್ಲೇ. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ ಶಕ್ತಿ ಇದೆ. ಹಾಗಾಗಿ ಮೈಲೇಜ್ ಒಂದಿಷ್ಟು ಇಳಿಯುವುದು ಸಹಜ. ಶುದ್ಧ ಪೆಟ್ರೋಲಿಗೆ ವಿನ್ಯಾಸ ಮಾಡಿ, 10 ಭಾಗ ಎಥನಾಲಿಗೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ 6ರಿಂದ 7ರಷ್ಟು ಇಳಿಕೆಯಾಗಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿದೆ.

16 ಕೊಡುತ್ತಿದ್ದ ಕಾರು 15 ಕೊಟ್ಟರೆ ಅದು ಪೆಟ್ರೋಲಿನ ಪಾಲು, ಒಪ್ಪಿಕೊಳ್ಳಿ. ಅದೇ ಕಾರು 11ಕ್ಕೆ ಇಳಿದರೆ ಎಥನಾಲಿನ ಮೇಲೆ ಹಾಕಿ ಸುಮ್ಮನಾಗಬೇಡಿ. ರೋಗ ಕಾರಿನಲ್ಲೇ ಇದೆ.

ಕಾಸು ಖರ್ಚಿಲ್ಲದೆ ನೋಡಬೇಕಾದ್ದು

ಟೈರಿನ ಗಾಳಿಯನ್ನು ಬೆಳಿಗ್ಗೆ ಕಾರು ಓಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಎಷ್ಟಿರಬೇಕು ಎನ್ನುವುದು ಕಾರಿನ ಪುಸ್ತಕದಲ್ಲೋ ಬಾಗಿಲ ಬಳಿಯ ಚೀಟಿಯಲ್ಲೋ ಇದೆ. "ಎಲ್ಲಾದಕ್ಕೂ ಮೂವತ್ತು ಹಾಕಪ್ಪ" ಅನ್ನಬೇಡಿ.

ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಉಳಿದದ್ದಕ್ಕಿಂತ ಒಂದರಲ್ಲಿ ಕಾವು ಜೋರಾಗಿದ್ದರೆ ಆ ಚಕ್ರದ ಬ್ರೇಕ್ ಜಾಮ್ ಆಗಿದೆ. ಆ ಚಕ್ರವನ್ನು ಜಾಕಿಯಲ್ಲಿ ಎತ್ತಿಸಿ, ನ್ಯೂಟ್ರಲ್ ಮಾಡಿ, ಕೈಯಲ್ಲಿ ತಿರುಗಿಸಿ. ಡಿಸ್ಕ್ ಬ್ರೇಕಿನಲ್ಲಿ ಸಣ್ಣಗೆ ಉಜ್ಜುವ ಸದ್ದು ಸರಿ, ತಿರುಗಿಸಲು ಬಲ ಹಾಕಬೇಕಾದರೆ ಸರಿಯಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರುಗಳಲ್ಲಿ ಹಿಂದಿನ ಚಕ್ರ ಹೀಗೆ ಕಚ್ಚಿಕೊಳ್ಳುತ್ತದೆ. ಬರೀ ಜಾಕಿಯ ಮೇಲಿರುವ ಕಾರಿನ ಕೆಳಗೆ ಯಾರೂ ನುಸುಳಕೂಡದು.

ಎಮಿಷನ್ ಟೆಸ್ಟ್ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಡಬೇಡಿ, ಓದಿ. ಅದರಲ್ಲಿ ಸಿಒ ಮತ್ತು ಎಚ್‌ಸಿ ಎಂದು ಎರಡು ಅಂಕಿ ಇರುತ್ತವೆ. ಸಿಒ ಹಿಂದಿನ ಚೀಟಿಗಿಂತ ಏರಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ. ಎಚ್‌ಸಿ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಪ್ಲಗ್ ಮತ್ತು ಅದರ ವೈರ್ ಕಡೆ ಹೋಗಿ. ಹಳೆ ಚೀಟಿಗಳನ್ನು ಎಸೆಯಬೇಡಿ.

ಥರ್ಮೋಸ್ಟಾಟ್ ವಾಲ್ವ್ ತೆಗೆಸಬೇಡಿ

ಈ ಮಾತನ್ನು ಎರಡು ಸಲ ಓದಿ. ಕಾರು ಒಮ್ಮೆ ಬಿಸಿಯಾಗಿ ರಸ್ತೆಯಲ್ಲಿ ನಿಂತರೆ ಸಾಕು, "ಆ ವಾಲ್ವ್ ನಮ್ಮ ದೇಶಕ್ಕೆ ಬೇಡ ಸಾರ್, ಕಿತ್ತು ಹಾಕ್ತೀನಿ" ಅನ್ನುವವರಿದ್ದಾರೆ. ಒಪ್ಪಬೇಡಿ. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನಿನೊಳಗೇ ತಡೆದು, ಎಂಜಿನ್ ಬೇಗ ಕಾಯುವಂತೆ ಮಾಡುವುದು ಆ ವಾಲ್ವಿನ ಕೆಲಸ. ಅದು ಇಲ್ಲದಿದ್ದರೆ ಎಂಜಿನ್ ಹಾಳತಕ್ಕೆ ಕಾಯುವುದೇ ಇಲ್ಲ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ದಾರಿಯುದ್ದಕ್ಕೂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಮೈಲೇಜೂ ಹೋಯಿತು, ಎಂಜಿನ್ನಿನ ಆಯುಸ್ಸೂ ಹೋಯಿತು. ಮಧುರೆಯಿಂದ ಕನಸವಾಡಿಗೆ ಹೋಗಿ ಬರುವಂಥ ಪುಟ್ಟ ಓಡಾಟದ ಕಾರುಗಳಿಗೆ, ಅದರಲ್ಲೂ ಧನುರ್ಮಾಸದ ಚಳಿಯಲ್ಲಿ, ಇದರ ಪೆಟ್ಟು ಇನ್ನೂ ಜೋರು.

ಹಳೆ ಕಾರು ಕೊಂಡಿದ್ದರೆ ವಾಲ್ವ್ ಇದೆಯೋ ಇಲ್ಲವೋ ನೀವೇ ಪರೀಕ್ಷಿಸಿ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ದಪ್ಪ ಪೈಪನ್ನು ಆಗಾಗ ಮುಟ್ಟಿ ನೋಡಿ. ವಾಲ್ವ್ ಇದ್ದು ಸರಿಯಾಗಿದ್ದರೆ ಹಲವು ನಿಮಿಷ ಪೈಪ್ ತಣ್ಣಗೇ ಇದ್ದು, ಆಮೇಲೆ ಬೇಗ ಬಿಸಿಯೇರುತ್ತದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಕೂತಿದೆ. ಓಡುವಾಗ ಟೆಂಪರೇಚರ್ ಮುಳ್ಳು ತಳ ಬಿಟ್ಟು ಏಳದಿದ್ದರೂ ಅನುಮಾನ ಇದೇ. ಫ್ಯಾನಿನಿಂದ ಕೈ, ಸೆರಗು, ಟವೆಲ್ ದೂರವಿರಲಿ. ಅದು ಹೇಳದೆ ಕೇಳದೆ ತಿರುಗುತ್ತದೆ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು, ಚಿಮ್ಮುವ ನೀರು ಮುಖ ಸುಡುತ್ತದೆ.

ಚಿಕ್ಕ ಕಾರಿಗೆ ಈ ವಾಲ್ವ್ ಕೆಲವೇ ನೂರು ರೂಪಾಯಿ. ಹಾಕಿಸಿ. ಮತ್ತೆ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆಯೋ, ಫ್ಯಾನ್ ತಿರುಗುತ್ತಿಲ್ಲವೋ, ವಾಟರ್ ಪಂಪ್ ಹೋಗಿದೆಯೋ ಅದನ್ನು ರಿಪೇರಿ ಮಾಡಿಸಿ.

ಗ್ಯಾರೇಜಿನಲ್ಲಿ

ಪ್ಲಗ್ ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿದೆ. ಒಣ ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು. ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಹೊಸ ಪ್ಲಗ್ ಹಾಕಿಸಿದರೆ ಪ್ರಯೋಜನವಿಲ್ಲ, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಕಾರ್ಬುರೇಟರ್ ಕಾರಾದರೆ ಏರ್ ಫಿಲ್ಟರ್ ಕಟ್ಟಿದಾಗ ಮೈಲೇಜ್ ನಿಜವಾಗಿ ಬೀಳುತ್ತದೆ. ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ಎಂದೂ ನೋಡಿಸಿ. ಇಂಜೆಕ್ಷನ್ ಕಾರಿನಲ್ಲಿ ಕೊಳೆ ಫಿಲ್ಟರ್ ಎಳೆತ ಕಡಿಮೆ ಮಾಡುತ್ತದೆ, ಮೈಲೇಜನ್ನು ಅಷ್ಟಾಗಿ ಕೆಡಿಸುವುದಿಲ್ಲ. ನಮ್ಮ ಧೂಳಿನ ರಸ್ತೆಗಳಿಗೆ ಅದನ್ನು ಬದಲಿಸುತ್ತಿರಬೇಕು, ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ.

ಅಂದಾಜಿನ ಮೇಲೆ ಆಕ್ಸಿಜನ್ ಸೆನ್ಸರ್ ಬದಲಿಸಲು ಬಿಡಬೇಡಿ. ಸ್ಕ್ಯಾನರ್ ಹಿಡಿಯುವ ಕಾರಾದರೆ ಮೊದಲು ಅದನ್ನು ಹಾಕಿಸಿ. ಬಿಸಿಯಾದ ಎಂಜಿನ್ನಿನ ಟೆಂಪರೇಚರ್ 80 ದಾಟಿದೆಯೇ, ಫ್ಯುಯೆಲ್ ಟ್ರಿಮ್ ಎಷ್ಟಿದೆ ಎಂದು ಕೇಳಿ. ಟ್ರಿಮ್ ಬಹಳ ಮೈನಸ್ ಆಗಿದ್ದರೆ ಎಲ್ಲಿಂದಲೋ ಪೆಟ್ರೋಲ್ ಹೆಚ್ಚು ಬೀಳುತ್ತಿದೆ, ಕಂಪ್ಯೂಟರ್ ಕಡಿತ ಮಾಡುತ್ತಿದೆ. ಬಹಳ ಪ್ಲಸ್ ಆಗಿದ್ದರೆ ಗಾಳಿ ಎಲ್ಲೋ ಸೋರಿ ಒಳಬರುತ್ತಿದೆ, ಇಲ್ಲವೇ ಪೆಟ್ರೋಲ್ ಒತ್ತಡ ಸಾಲುತ್ತಿಲ್ಲ. ಇ20ಯಿಂದ ಸ್ವಲ್ಪ ಪ್ಲಸ್ ಕಾಣುವುದು ಸಹಜ.

ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿಸಬೇಡಿ, ಮೈಲೇಜ್ ಮಾತ್ರೆ ಹಾಕಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವುಗಳಿಂದ ಪ್ರಯೋಜನ ಕಂಡಿಲ್ಲ, ಆ ಕೆಲವುಗಳದ್ದೂ ಅತ್ಯಲ್ಪ.

ನಂದಿ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್ಲಿನಲ್ಲಿ ಐಡ್ಲಿಂಗಿಗೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಉಳಿತಾಯ ಸೊನ್ನೆ. ಇಡೀ ಇಳಿಜಾರಿನ ಭಾರ ಬ್ರೇಕಿನ ಮೇಲೆ ಬಿದ್ದು ತಿರುವಿನಲ್ಲಿ ಬ್ರೇಕ್ ಸೋಲುತ್ತದೆ. ಕಾರ್ಬುರೇಟರ್ ಕಾರಿಗೂ ಈ ಅಪಾಯ ಅಷ್ಟೇ ಇದೆ.

ಪೆಟ್ರೋಲ್ ವಾಸನೆ ಬಂದರೆ

ಉಳಿದ ಯಾವ ಪರೀಕ್ಷೆಗೂ ಕಾಯಬೇಡಿ. ಹಳೆ ಕಾರುಗಳ ರಬ್ಬರ್ ಪೈಪ್‌ಗಳು ವಯಸ್ಸಾಗಿ ಗಡುಸಾಗಿ ಬಿರುಕು ಬಿಟ್ಟಿರುತ್ತವೆ. ಎಥನಾಲಿಗೆ ಹೊಂದದ ರಬ್ಬರ್ ಇನ್ನೂ ಬೇಗ ಕೆಡುತ್ತದೆ. ಕಾರನ್ನು ಮನೆಯಿಂದ, ಹುಲ್ಲಿನ ಮೆದೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬರಕೂಡದು. ಮತ್ತೆ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್ ಕಾರಿದ್ದಲ್ಲಿಗೇ ಬರಲಿ. ಟ್ಯಾಂಕಿನಿಂದ ಎಂಜಿನ್ ತನಕದ ಎಲ್ಲ ರಬ್ಬರ್ ಪೈಪ್‌ಗಳನ್ನೂ ಕ್ಲಿಪ್ ಸಮೇತ ಒಟ್ಟಿಗೆ ಬದಲಿಸಿ, ಎಥನಾಲ್ ತಡೆಯುವ ಪೈಪೇ ಬೇಕು ಎಂದು ಕೇಳಿ ಹಾಕಿಸಿ. ಸೋರುವ ಪೈಪಿಗೆ ಟೇಪ್ ಸುತ್ತಿ ಓಡಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು.